ಕೇಸ್ ತುಂಬುವ ಪೌಡರ್ ತಗೋ ಮಾರಾಯ

ಮೊನ್ನೆ ಗುಂಡು ಹೊಡೆಯುವ ರೇಂಜ್‌ನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಸಿಕ್ಕಿದ್ದ. ಟೆಕ್ಸಾಸ್‌ಗೆ ಬಂದು ವರ್ಷವಾಗಿದೆಯಂತೆ. .38 ಸ್ಪೆಷಲ್ ರಿವಾಲ್ವರ್ ಕೊಂಡಿದ್ದಾನೆ, ತೋಟೆ ತಾನೇ ತುಂಬಿಕೊಳ್ಳುವ ಆಸೆ. "ಅಣ್ಣಾ, ಯಾವ ಪೌಡರ್ ಅಗ್ಗ?" ಅಂದ.

ಎಲ್ಲರದೂ ಇದೇ ಪ್ರಶ್ನೆ. ಪೌಡರ್ ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡ್ ಅಂದರೆ 7000 ಗ್ರೇನ್. ಚಿಟಿಕೆ ಹಾಕಿದರೆ ಸಾಕು ಅನ್ನುವ ಪೌಡರ್ ತಗೊಂಡರೆ ಅದೇ ಡಬ್ಬಿಯಲ್ಲಿ ಜಾಸ್ತಿ ತೋಟೆ ಆಗುತ್ತವೆ, ನಿಜ. ಆದರೆ ಉಳಿಯುವುದು ತೋಟೆಗೆ ಒಂದೆರಡು ಸೆಂಟ್. ಅಷ್ಟಕ್ಕೆ ಬೆರಳು ಒತ್ತೆ ಇಡಬೇಕಾ?

ನಮ್ಮಜ್ಜನ ಕೇಪಿನ ಕೋವಿಗೆ ಈಡು ತುಂಬುವಾಗ ಕರಿ ಮದ್ದು ಹಿಡಿಗಟ್ಟಲೆ ಬೇಕಿತ್ತು ಅಂತ ನೆನಪು. .38 ಸ್ಪೆಷಲ್ ಹುಟ್ಟಿದ್ದೂ ಆ ಕರಿ ಮದ್ದಿನ ಕಾಲದ ಕೊನೆಯಲ್ಲೇ, 1898ರಲ್ಲಿ. ಅದಕ್ಕೇ ಅದರ ಕೇಸ್, ಅಂದರೆ ಪೌಡರ್ ತುಂಬುವ ಹಿತ್ತಾಳೆ ಕೊಳವೆ, ಅಷ್ಟು ಉದ್ದ. ಈಗಿನ ಹೊಗೆಯಿಲ್ಲದ ಪೌಡರ್‌ನ ಶಕ್ತಿ ಬಹಳ ಜಾಸ್ತಿ, ಹಾಗಾಗಿ ಅದು ತಳದಲ್ಲಿ ಒಂದಿಷ್ಟು ಕೂತಿರುತ್ತದೆ. ಮೇಲೆಲ್ಲ ಖಾಲಿ. ಮರೆತು ಎರಡು ಸಲ ಹಾಕಿದರೂ ಹಿಡಿಯುತ್ತದೆ. ಈ ತೋಟೆಗೆ ನಿಗದಿ ಮಾಡಿದ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಎರಡರಷ್ಟು ಪೌಡರ್ ಬಿದ್ದರೆ ಒತ್ತಡ ಎರಡರಷ್ಟಕ್ಕೇ ನಿಲ್ಲುವುದಿಲ್ಲ.

ನನಗೂ ಆಗಿದೆ. ಒಂದು ಭಾನುವಾರ ಗ್ಯಾರೇಜ್‌ನಲ್ಲಿ 50 ಕೇಸ್ ಜೋಡಿಸಿ ತುಂಬುತ್ತಿದ್ದೆ. ನಡುವೆ ಅಮ್ಮನ ಫೋನ್ ಬಂತು. ಅಡಿಕೆ ಕೊಯ್ಲಿನ ಸುದ್ದಿ ಮುಗಿಸಿ ಬಂದು ಮುಂದುವರಿಸಿದೆ. ಬುಲೆಟ್ ಕೂರಿಸುವ ಮೊದಲು ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಮೂರನೇ ಸಾಲಿನಲ್ಲೊಂದು ಯಾಕೋ ಒಂಚೂರು ಎತ್ತರ. ತಕ್ಕಡಿಗೆ ಸುರಿದೆ. ಸರಿಯಾಗಿ ಎರಡರಷ್ಟು! ಒಂಚೂರು ಎತ್ತರ, ಅಷ್ಟೇ. ದೀಪ ಸ್ವಲ್ಪ ಮಂದವಾಗಿದ್ದರೆ ಕಾಣುತ್ತಲೇ ಇರಲಿಲ್ಲ.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ತೋಟೆ ತುಂಬುವ ಅಳತೆಗಳ ಪುಸ್ತಕ ಹೇಳಿದಷ್ಟೇ ಹಾಕಿದರೂ ಆದಷ್ಟೂ ಕೇಸ್‌ನ ಅರ್ಧಕ್ಕಿಂತ ಮೇಲೆ ಬರುವ ಪೌಡರ್ ಬೇಕು. ತಪ್ಪಿ ಎರಡು ಸಲ ಬಿದ್ದರೆ ಉಕ್ಕಿ ಮೇಜಿನ ಮೇಲೆ ಚೆಲ್ಲಬೇಕು. ಯುನೀಕ್ ಅನ್ನುವ ಹಳೇ ಪೌಡರ್ ನನಗಿಷ್ಟವಾಗುವುದು ಅದು ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತದೆ ಅಂತಲೇ. ಆದರೆ .38ರ ಉದ್ದ ಕೇಸ್‌ನಲ್ಲಿ ಅದೂ ಅರ್ಧ ದಾಟುವುದಿಲ್ಲ, ಎರಡು ಸಲ ಬಿದ್ದರೂ ಉಕ್ಕುವುದಿಲ್ಲ, ಹಾಗಾಗಿ ಟಾರ್ಚ್ ಬಿಡುವ ಹಾಗಿಲ್ಲ. ಅದಕ್ಕೆ ಇನ್ನೊಂದು ರೋಗವೂ ಇದೆ. ಅವಲಕ್ಕಿ ಥರ ಚಕ್ಕೆ ಚಕ್ಕೆ, ಅಳತೆ ಯಂತ್ರದಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಗಸಗಸೆಯಂಥ ಬಾಲ್ ಪೌಡರ್ ನೀರಿನ ಹಾಗೆ ಇಳಿಯುತ್ತದೆ. ಗಡಿಬಿಡಿಯವರಿಗೆ ಯುನೀಕ್ ಆಗಿಬರುವುದಿಲ್ಲ, ಆದರೆ ಗಡಿಬಿಡಿಯವರು ಈ ಕೆಲಸಕ್ಕೇ ಬರಬಾರದು ಬಿಡಿ.

ಹುಡುಗ ಇನ್ನೊಂದು ಕೇಳಿದ. ಬೇಗ ಉರಿಯುವುದರಿಂದ ನಿಧಾನ ಉರಿಯುವುದರವರೆಗೆ ಪಟ್ಟಿ ಇದೆಯಲ್ಲ, ಅದರಲ್ಲಿ ಅಕ್ಕಪಕ್ಕ ಇರುವ ಪೌಡರ್‌ಗೆ ಒಂದೇ ಅಳತೆ ನಡೆಯುತ್ತಾ ಅಂತ. ಇಲ್ಲವೇ ಇಲ್ಲ. ಆ ಪಟ್ಟಿ ಸಾಲು ಹೇಳುತ್ತದೆ, ಅಳತೆ ಹೇಳುವುದಿಲ್ಲ. ಪ್ರತಿ ಪೌಡರ್‌ಗೂ ಅದನ್ನು ಮಾಡಿದವರ ಅಳತೆಯೇ ಬೇಕು, ಅದೂ ನೀನು ಹಾಕುವ ಬುಲೆಟ್ ತೂಕಕ್ಕೆ. ಶುರು ಮಾಡುವುದು ಪುಸ್ತಕದಲ್ಲಿರುವ ಅತಿ ಕಡಿಮೆ ಅಳತೆಯಿಂದ. ಹಾಗಂತ ಪುಸ್ತಕಕ್ಕಿಂತಲೂ ಕಡಿಮೆ ಹಾಕಿದರೆ ಬುಲೆಟ್ ಬ್ಯಾರಲ್‌ನಲ್ಲೇ ಸಿಕ್ಕಿಕೊಳ್ಳಬಹುದು. ಗೊತ್ತಾಗದೆ ಹಿಂದೆಯೇ ಇನ್ನೊಂದು ಹೊಡೆದರೆ ಬ್ಯಾರಲ್ ಉಬ್ಬಬಹುದು, ಸೀಳಲೂಬಹುದು.

ಅವನಿನ್ನೂ ಪೌಡರ್ ಕೊಂಡಿಲ್ಲ. ಮೊದಲು ಪುಸ್ತಕ ತಗೋ, ತಕ್ಕಡಿ ನನ್ನದೇ ಇದೆ, ಶನಿವಾರ ಗ್ಯಾರೇಜ್‌ಗೆ ಬಾ ಅಂದಿದ್ದೇನೆ. ಫೋನ್ ಕಾರಲ್ಲೇ ಬಿಟ್ಟು.