ಗರಿಕೆಯ ಪಾಲುದಾರ

ಚೌತಿಯ ಹಿಂದಿನ ದಿನ, ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿರುವ ಮಗಳ ಮನೆಯ ಹಿತ್ತಲಿನಲ್ಲಿ ಗಣಪತಿಗೆಂದು ಇಪ್ಪತ್ತೊಂದು ಗರಿಕೆ ಆರಿಸುತ್ತ ಕುಳಿತಿದ್ದೆ. ಅಲ್ಲಿಯವರು ಬರ್ಮುಡಾ ಹುಲ್ಲು ಎಂದು ಕರೆದು, ನೀರುಣಿಸಿ, ವಾರವಾರವೂ ಯಂತ್ರದಿಂದ ತಲೆ ಬೋಳಿಸಿ ಸಾಕುವ ಹುಲ್ಲು ನಮ್ಮ ಗರಿಕೆಯೇ. ಬರ್ಮುಡಾ ದ್ವೀಪ ಅದರ ತವರೇನೂ ಅಲ್ಲ, ಸಮುದ್ರ ದಾಟಿ ಹೋಗಿ ಅಲ್ಲಿ ಬೇರೂರಿದ ಹುಲ್ಲು ಅದು. ಮೂರೆಸಳಿನ ಕುಡಿಯೊಂದನ್ನು ಚಿವುಟಹೋದಾಗ, ಬುಡದಲ್ಲಿ ಎಲೆಗಳನ್ನು ರೇಷ್ಮೆಯೆಳೆಯಿಂದ ಹೊಲಿದ ಸಣ್ಣ ಗೂಡು ಕಂಡಿತು. ಮೆಲ್ಲನೆ ಬಿಡಿಸಿದರೆ ಒಳಗೆ ಕರಿಯ ತಲೆಯ, ಮಣ್ಣುಬಣ್ಣದ ಹುಳು.

ಅದು ಫಿಯರಿ ಸ್ಕಿಪ್ಪರ್ ಎಂಬ ಚಿಟ್ಟೆಯ ಮರಿ. ಶಾಸ್ತ್ರದ ಹೆಸರು ಹೈಲೆಫೈಲಾ ಫೈಲಿಯಸ್. ಈ ಜಾತಿಯನ್ನು 1773ರಲ್ಲಿ ಹೆಸರಿಸಿದವನು ಲಂಡನ್ನಿನ ಬೆಳ್ಳಿ ಕೆಲಸಗಾರ ಡ್ರೂ ಡ್ರೂರಿ. ಗ್ರೀಕ್ ಪುರಾಣದ ಫೈಲಿಯಸ್ ಎಂದರೆ, ಹೆರಾಕ್ಲೀಸ್ ಎಂಬ ಮಹಾವೀರ ತೊಳೆದುಕೊಟ್ಟನಲ್ಲ, ಆ ಹೊಲಸು ಕೊಟ್ಟಿಗೆಯ ಒಡೆಯನ ಮಗ. ಹೈಲೆಫೈಲಾ ಎಂಬ ಕುಲನಾಮದಲ್ಲಂತೂ ಕಾಡಿನ ಪ್ರೀತಿಯ ಅರ್ಥವಿದೆ; ಕತ್ತರಿಸಿದ ಲಾನನ್ನೇ ನೆಚ್ಚಿಕೊಂಡ ಜೀವಿಗೆ ಇದಕ್ಕಿಂತ ಹೊಂದದ ಹೆಸರು ಸಿಗಲಾರದು. ಈ ಕುಲದ ಉಳಿದ ಬಂಧುಗಳು ಬಹುಪಾಲು ಆಂಡಿಸ್ ಪರ್ವತದ ಎತ್ತರದ ಹುಲ್ಲುಗಾವಲುಗಳಲ್ಲಿಯೂ ದಕ್ಷಿಣ ಅಮೆರಿಕದ ಇತರೆಡೆಗಳಲ್ಲಿಯೂ ಉಳಿದುಕೊಂಡರೆ, ಇದೊಂದು ಮಾತ್ರ ಉತ್ತರ ಅಮೆರಿಕವನ್ನೂ ತನ್ನದಾಗಿಸಿಕೊಂಡು, ಬೇಸಿಗೆಯಲ್ಲಿ ಕೆನಡಾದ ದಕ್ಷಿಣದಂಚಿನವರೆಗೂ ಹೋಗಿ, ಅಲ್ಲಿಯ ಚಳಿಗಾಲ ತಾಳಲಾರದೆ ಸಾಯುತ್ತದೆ. ಹಾಗಿದ್ದೂ ಮರುವರ್ಷ ಮತ್ತೆ ಹೋಗುತ್ತದೆ!

ಹುಳುವಿನ ಹಿರಿಯ ಅಲ್ಲೇ ಕುಂಡದ ಲಂಟಾನದ ಮೇಲೆ ಕುಳಿತಿತ್ತು. ಮೂರು ಸೆಂಟಿಮೀಟರಿನಷ್ಟು ಅಗಲದ ಗಂಡುಚಿಟ್ಟೆ. ಕೆಂಡದ ಬಣ್ಣ, ರೆಕ್ಕೆಯ ಅಡಿಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂತೆ ಕರಿ ಚುಕ್ಕಿಗಳು, ಗಿಡ್ಡ ಮೀಸೆ. ಹಿಂದಿನ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡಿ ಮುಂದಿನವನ್ನು ಓರೆಯಾಗಿ ಎತ್ತಿದ್ದ ಆ ಭಂಗಿ, ಹಾರಲು ಸಜ್ಜಾದ ಯುದ್ಧವಿಮಾನದಂತಿತ್ತು. ದಾರಿಹೋಕ ಜೇನುನೊಣವನ್ನೂ ಅದು ಅಟ್ಟಿಸಿಕೊಂಡು ಹೋಗಿ ಬರುತ್ತಿತ್ತು.

ನನಗೆ ನಗು ಬಂದದ್ದು ಆ ಲಂಟಾನ ಕಂಡು. ಬಂಡೀಪುರದ ಕಾಡಿನಲ್ಲಿ ಎಷ್ಟು ಕಿತ್ತರೂ ಮುಗಿಯದ ಅಮೆರಿಕದ ಕಳೆಯದು. ಮಗಳು ಅದನ್ನು ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದಿದ್ದಳು. ನಮ್ಮ ಕಡೆಯಿಂದ ಹೋದ ಹುಲ್ಲನ್ನು ಮೇದು ಬೆಳೆದು, ಅವರ ಕಡೆಯಿಂದ ನಮಗೆ ಬಂದ ಗಿಡದ ಜೇನು ಕುಡಿಯುವ ಈ ಚಿಟ್ಟೆಗೆ ಎರಡೂ ಮನೆಯೂಟವೇ.

ಗೂಡನ್ನು ಹೇಗಿತ್ತೋ ಹಾಗೆ ಮುಚ್ಚಿದೆ. ಎಣಿಸಿದರೆ ಗರಿಕೆ ಇಪ್ಪತ್ತೇ ಇದ್ದವು. ಉಳಿದೊಂದು ಬೇಲಿಯಂಚಿನಲ್ಲಿ ಸಿಕ್ಕಿತು.