ಹಸುಗೂಸಿನ ಎದೆಯ ಸ್ಕ್ಯಾನ್: ಹೆದರಬೇಡಿ, ಕೇಳದೆಯೂ ಇರಬೇಡಿ

ತಂಗಿಯ ಮಗುವಿಗೆ ಆಗ ಇಪ್ಪತ್ತಾರು ದಿನ. ಹಾಲು ಕುಡಿಯುವಾಗ ಹಣೆ ಬೆವರುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಸೋಮವಾರಪೇಟೆಯ ಜುಲೈ ಮಳೆ. ಥಂಡಿಗೆ ಹಾಗಾಗಿದೆ ಎಂದು ಮನೆಯ ಹಿರಿಯರು ಕಂಬಳಿ ಹೊದಿಸಿದರು. ಮಡಿಕೇರಿಯಲ್ಲಿ ಪುಟ್ಟ ಪಾದಕ್ಕೆ ಆಕ್ಸಿಜನ್ ಅಳೆಯುವ ಪಟ್ಟಿ ಸುತ್ತಿದಾಗ ಕಂಡದ್ದು 84. ತೊಂಬತ್ತೈದಾದರೂ ಇರಬೇಕಿತ್ತು. ಅಂದೇ ಮೈಸೂರಿಗೆ ಹೊರಟೆವು. 120 ಕಿಲೋಮೀಟರ್ ಉದ್ದಕ್ಕೂ ತಂಗಿ ಮಗುವಿನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

ಮೊದಲು ಎಕೋ ಮಾಡಿದರು. ಅದರಲ್ಲಿ ವಿಕಿರಣ ಇಲ್ಲವೇ ಇಲ್ಲ, ಬರೀ ಶಬ್ದದ ಅಲೆ. ಹೃದಯದ ಕವಾಟ, ಗೋಡೆಯ ರಂಧ್ರಗಳನ್ನು ನೋಡಲು ಸಾಮಾನ್ಯವಾಗಿ ಅದೇ ಸಾಕು. ಆದರೆ ಗಾಳಿ ತುಂಬಿದ ಶ್ವಾಸಕೋಶವನ್ನು ದಾಟಿ ಶಬ್ದ ಹೋಗದು. ಅಲ್ಲಿಂದ ಹೃದಯಕ್ಕೆ ಬರುವ ರಕ್ತನಾಳಗಳು ಎಲ್ಲಿ ಸೇರಿವೆ ಎಂಬುದು ಸ್ಪಷ್ಟವಾಗಲಿಲ್ಲ. ಆಪರೇಷನ್‌ಗೆ ಮುಂಚೆ ಅದನ್ನು ತಿಳಿಯಲು, ಎಕ್ಸ್‌ರೇಯಿಂದ ಒಳಗಿನ ಚಿತ್ರ ತೆಗೆಯುವ ಸಿಟಿ ಸ್ಕ್ಯಾನ್ ಬೇಕು ಎಂದರು.

ಮನೆಯಲ್ಲಿ ಗಲಾಟೆಯೇ ಆಯಿತು. "ಇಷ್ಟು ಎಳೆಯ ಕೂಸಿಗೆ ಸ್ಕ್ಯಾನೇ? ಮುಂದೆ ಕ್ಯಾನ್ಸರ್ ಬಂದರೆ?" ಎಂದು ಅತ್ತೆ ಅತ್ತರು. ಅವರ ಭಯ ಸುಳ್ಳಲ್ಲ. ಬೆಳೆಯುವ ಜೀವಕೋಶಗಳಿಗೆ ವಿಕಿರಣದ ಪೆಟ್ಟು ಹೆಚ್ಚು, ಆ ಪೆಟ್ಟಿನ ಫಲ ಕಾಣಿಸಿಕೊಳ್ಳಲು ಮುಂದೆ ಇಡೀ ಆಯುಸ್ಸೇ ಇದೆ. ಆದರೆ ನಕ್ಷೆಯಿಲ್ಲದೆ ಶಸ್ತ್ರಚಿಕಿತ್ಸೆಗೆ ಕೈ ಹಾಕುವುದು ಅದಕ್ಕಿಂತ ದೊಡ್ಡ ಅಪಾಯ ಎಂದು ನನಗೆ ಅನ್ನಿಸಿತು. ಈಗಲೂ ಹಾಗೆಯೇ ಅನ್ನಿಸುತ್ತದೆ.

ಮೊದಲು ಹೋದ ಸ್ಕ್ಯಾನಿಂಗ್ ಕೇಂದ್ರದಲ್ಲಿ, "ಮಗುವಿನ ತೂಕಕ್ಕೆ ತಕ್ಕಂತೆ ವಿಕಿರಣ ತಗ್ಗಿಸುತ್ತೀರಾ?" ಎಂದು ಕೇಳಿದೆ. "ಅದನ್ನೆಲ್ಲ ಮೆಷಿನ್ ನೋಡಿಕೊಳ್ಳುತ್ತದೆ" ಎಂದರು. ಆ ಉತ್ತರಕ್ಕೆ ನನಗೆ ಇಂದಿಗೂ ಸಿಟ್ಟಿದೆ. ಮೆಷಿನ್ ತಾನಾಗಿ ನೋಡಿಕೊಳ್ಳುವುದಿಲ್ಲ, ಅದನ್ನು ಮಗುವಿಗೆ ಹೊಂದಿಸುವವರು ಬೇಕು. ಮಕ್ಕಳ ಸ್ಕ್ಯಾನಿಂಗ್‌ನಲ್ಲಿ ವಿಕಿರಣ ತಗ್ಗಿಸಲೆಂದೇ ಅಮೆರಿಕದ ವೈದ್ಯರು 2008ರಲ್ಲಿ 'ಇಮೇಜ್ ಜೆಂಟ್ಲಿ' ಅಭಿಯಾನ ಆರಂಭಿಸಿದ್ದರು.

ಎರಡನೆಯ ಆಸ್ಪತ್ರೆಯ ಟೆಕ್ನಿಷಿಯನ್ ಕೂರಿಸಿಕೊಂಡು ವಿವರಿಸಿದರು. ಎಕ್ಸ್‌ರೇ ಹೊರಡಿಸುವ ವೋಲ್ಟೇಜು ದೊಡ್ಡವರಿಗೆ 120 ಕಿಲೋವೋಲ್ಟ್ ಆದರೆ ಕೂಸಿಗೆ 70 ಅಥವಾ 80 ಸಾಕಂತೆ. ಕಡಿಮೆ ವೋಲ್ಟೇಜಿನಲ್ಲಿ ರಕ್ತನಾಳ ಎದ್ದು ಕಾಣಲೆಂದು ಅದಕ್ಕೆ ಬಿಟ್ಟ ಅಯೋಡಿನ್ ದ್ರವ ಚಿತ್ರದಲ್ಲಿ ಇನ್ನೂ ಚೆನ್ನಾಗಿ ಹೊಳೆಯುತ್ತದೆ. ಅವರ ಯಂತ್ರದಲ್ಲಿ ಎರಡು ಎಕ್ಸ್‌ರೇ ಕೊಳವೆಗಳು. ನಿಮಿಷಕ್ಕೆ 140 ಸಲ ಬಡಿಯುವ ಹೃದಯವನ್ನೂ ಅದು ಹಿಡಿಯುತ್ತದೆ, ಇಡೀ ಎದೆಗೆ ಒಂದು ಸೆಕೆಂಡೂ ಬೇಡ. ಹೀಗೆ ಮಾಡಿದರೆ ವಿಕಿರಣ ಒಂದು ಮಿಲಿಸೀವರ್ಟ್‌ನೊಳಗೇ ಉಳಿಯಬಹುದು; ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ ಅದು. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತಲೇ ಇರುತ್ತದೆ.

ಅರಿವಳಿಕೆಯನ್ನೂ ಕೊಡಲಿಲ್ಲ. ಮುಂಚೆಯೇ ಕೈಗೆ ಸೂಜಿ ಹಾಕಿ, ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಹತ್ತುವವರೆಗೆ ಕಾದರು. ಮೇಜು ಸರ್ರನೆ ಒಳಹೋಗಿ ನಿಂತಿತು. ಮಗುವಿಗೆ ಎಚ್ಚರವೇ ಆಗಲಿಲ್ಲ.

ನಮ್ಮ ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಘಟ್ಟ ಇಳಿದು ಹೋಗುವ ತಂದೆ ತಾಯಂದಿರೇ, ದಯವಿಟ್ಟು ಕೇಳಿ. ಎಕೋದಲ್ಲೇ ಆಗುವುದಿಲ್ಲವೇ, ಮಗುವಿಗೆ ಬೀಳುವ ವಿಕಿರಣ ಎಷ್ಟು, ಅದನ್ನು ಬರೆದುಕೊಡುತ್ತೀರಾ ಎಂದು ಕೇಳಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದವರೂ ಕೇಳಬೇಕು, ಅವರಿಗೂ ಅದೇ ಉತ್ತರ ಸಿಗಬೇಕು.

ಆಪರೇಷನ್ ಆಗಿ ವರ್ಷ ಕಳೆದಿದೆ. ಆ ಸ್ಕ್ಯಾನಿನ ಲೆಕ್ಕ ಬರೆದ ಚೀಟಿಯನ್ನು ತಂಗಿ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡಿದ್ದಾಳೆ. ಕಳೆದ ತಿಂಗಳು ಡಾಕ್ಟರ್ ಮೊದಲು ಆ ಚೀಟಿಯನ್ನೇ ನೋಡಿದರು. ಈ ಸಲ ಎಕೋ ಸಾಕು ಎಂದರು.