ಹತ್ತು ರೂಪಾಯಿ ನಾಣ್ಯ ನಡೆಯುತ್ತೆ, ತಗೊಳ್ಳಿ

ಬೆಂಗಳೂರಿನಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ "ಇದು ನಡೆಯಲ್ಲ ಸಾರ್, ನೋಟಿದ್ರೆ ಕೊಡಿ" ಅಂತಾರೆ. ಯಾಕೆ ಅಂತ ಕೇಳಿದರೆ ಅವರ ಹತ್ತಿರವೂ ಉತ್ತರ ಇಲ್ಲ. ಬೇರೆಯವರು ತಗೊಳ್ಳಲ್ಲ, ಅದಕ್ಕೆ ನಾವೂ ತಗೊಳ್ಳಲ್ಲ, ಅಷ್ಟೇ. ಸರ್ಕಾರವೇ ಟಂಕಿಸಿ ಕೊಟ್ಟ ದುಡ್ಡನ್ನು ಊರಿಗೆ ಊರೇ ಸೇರಿಕೊಂಡು, ಬರೀ ಗಾಳಿಮಾತಿಗೆ, ಮೂಲೆಗೆ ತಳ್ಳಿಬಿಟ್ಟಿದ್ದೇವೆ. ನನಗಂತೂ ಇದು ಸಣ್ಣ ವಿಷಯ ಅನ್ನಿಸಲ್ಲ.

ಗಾಳಿಮಾತು ಹಬ್ಬಿದ್ದು ಹೀಗೆ. ಹೊರಗೆ ಹಳದಿ, ಒಳಗೆ ಬಿಳಿ ಇರುವ ಈ ನಾಣ್ಯ 2009ರ ಹೊತ್ತಿಗೆ ಜನರ ಕೈಗೆ ಬಂತು. 2010ರಲ್ಲಿ ರೂಪಾಯಿಗೆ ₹ ಚಿಹ್ನೆ ಬಂತು, ಮುಂದಿನ ವರ್ಷದಿಂದ ನಾಣ್ಯದ ಮೇಲೂ ಅದು ಕೂತಿತು. ಹಳೆಯದರಲ್ಲಿ 15 ಗೆರೆ, ಚಿಹ್ನೆ ಇರುವುದರಲ್ಲಿ 10 ಗೆರೆ. ಅಷ್ಟೇ ಸಾಕಾಯಿತು, ಒಂದು ಅಸಲಿ ಇನ್ನೊಂದು ನಕಲಿ ಅಂತ ವಾಟ್ಸಾಪ್ ತುಂಬಾ ಹರಿದಾಡಿತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಅಸಲಿ, ಎಲ್ಲವೂ ನಡೆಯುತ್ತವೆ. 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ 1000 ರೂಪಾಯಿವರೆಗಿನ ಲೆಕ್ಕ ಚುಕ್ತಾ ಮಾಡಬಹುದು. ಇದಾಗಿ ಇಷ್ಟು ವರ್ಷ ಆದರೂ ವಾಟ್ಸಾಪ್ ಮಾತೇ ಗೆದ್ದಿದೆ.

ಹಿಂದೆ ನಾಣ್ಯ ಪರೀಕ್ಷೆ ಮಾಡುವುದಕ್ಕೆ ಕಾರಣ ಇತ್ತು. ನಮ್ಮ ಕಡೆ ವರಹ, ಹಣ, ಕಾಸು, ರೂಪಾಯಿ ಎಲ್ಲ ಒಟ್ಟಿಗೇ ಓಡಾಡುತ್ತಿದ್ದ ಕಾಲ ಅದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲೇ 'ಮಾಯಿಲಿ ಕಾಸು' ಅಂತ ಇರುತ್ತಿತ್ತು, ನೋಡಿದರೆ ಖುಷಿಯಾಗುತ್ತೆ. ಆದರೆ ಒಂದು ಸೀಮೆಯ ದುಡ್ಡು ಇನ್ನೊಂದು ಸೀಮೆಗೆ ಹೋದರೆ ನಾಣ್ಯ ವ್ಯಾಪಾರದ ಶರಾಫರು ತೂಕ ನೋಡಿ, ವಟ್ಟ ಅಂತ ಸ್ವಲ್ಪ ದುಡ್ಡು ಹಿಡಿದುಕೊಂಡೇ ಬದಲಿಸಿ ಕೊಡುತ್ತಿದ್ದರು. ಶೇರ್ ಷಾ 1540ರ ದಶಕದಲ್ಲಿ ತಂದ ಬೆಳ್ಳಿ ರೂಪಾಯಿಯ ದಾರಿಯಲ್ಲೇ ಕಂಪನಿ ಸರ್ಕಾರ 1835ರಲ್ಲಿ ಒಂದೇ ತೂಕದ, ಸುಮಾರು 11.66 ಗ್ರಾಂ ರೂಪಾಯಿ ತಂದಿತು. ಆಮೇಲೆ 16 ಆಣೆಯ ಲೆಕ್ಕ ಹೋಗಿ 1957ರ ಏಪ್ರಿಲ್ 1ರಿಂದ 100 ಪೈಸೆಯ ಲೆಕ್ಕ ಬಂತು. ಈಗ ಯಾರೂ ತೂಕ ನೋಡಬೇಕಾಗಿಲ್ಲ, ವಟ್ಟ ಕೊಡಬೇಕಾಗಿಲ್ಲ. ಇಷ್ಟೆಲ್ಲ ದಾಟಿ ಬಂದವರು ಮತ್ತೆ ಗೆರೆ ಎಣಿಸಿಕೊಂಡು ಕೂತಿದ್ದೇವಲ್ಲ!

ನಾಲ್ಕಾಣೆ ಹೋಯಿತು, ಅದು ಸರಿ. 2011ರ ಜೂನ್ ಕೊನೆಗೆ ಸರ್ಕಾರವೇ ಹಿಂದಕ್ಕೆ ತಗೊಂಡಿತು, ಅದಕ್ಕೆ ಬರುವಂಥದ್ದೂ ಏನೂ ಉಳಿದಿರಲಿಲ್ಲ. ಎಂಟಾಣೆಗೆ ಕಾನೂನಿನಲ್ಲಿ ಇನ್ನೂ ಜೀವ ಇದೆ, ನಾವು ಮಾತ್ರ ಮರೆತುಬಿಟ್ಟೆವು. ಆದರೆ ಹತ್ತು ರೂಪಾಯಿ ಹಾಗಲ್ಲ. ಒಂದು ಹಿಡಿ ಕರಿಬೇವು, ಒಂದು ನಿಂಬೆಹಣ್ಣು ಬರುತ್ತೆ ಅದಕ್ಕೆ.

ಗಾಂಧಿಬಜಾರಿನಲ್ಲಿ ನಾನು ಹೂ ತಗೊಳ್ಳುವ ಅಮ್ಮ ಒಬ್ಬರಿದ್ದಾರೆ. ಮಲ್ಲಿಗೆ ಮೊಳ ಹಾಕಿ ಕೊಟ್ಟು, ಚಿಲ್ಲರೆಗೆ ಅಂತ ಡಬ್ಬಿ ತೆಗೆದರು. ಒಂದು ಮೂಲೆಯಲ್ಲಿ ಬಟ್ಟೆ ಗಂಟು. ಬಿಚ್ಚಿದರೆ ಬರೀ ಹತ್ತರ ನಾಣ್ಯ. "ಯಾಪಾರ ಬಿಡಕ್ಕಾಗಲ್ಲಪ್ಪ, ಕೊಟ್ಟೋರತ್ರ ತಗೊಂಡ್‌ಬಿಡ್ತೀನಿ. ಮಾರ್ಕೆಟ್ಟಲ್ಲಿ ಹೂವಿನ ಸೇಟು ಮುಟ್ಟಲ್ಲ ಅಂತಾನೆ" ಅಂದರು. ಅಂದರೆ ನಷ್ಟ ಕೊನೆಗೆ ಬಂದು ಬೀಳುವುದು ಯಾರ ಮೇಲೆ? 'ಬೇಡ' ಅನ್ನುವ ಶಕ್ತಿ ಇಲ್ಲದವರ ಮೇಲೆ. ಅವರ ಒಂದು ದಿನದ ದುಡಿಮೆ ಗಂಟಿನಲ್ಲಿ ಸುಮ್ನೆ ಬಿದ್ದಿದೆ. ಇದು ನನಗೆ ನಿಜವಾಗಲೂ ಸಿಟ್ಟು ತರಿಸುತ್ತೆ.

ಈಗೆಲ್ಲ ಯುಪಿಐ ಇದೆಯಲ್ಲ, ಚಿಲ್ಲರೆ ಯಾಕೆ ಅನ್ನುವವರು ಜಾಸ್ತಿ ಇದ್ದಾರೆ. ನಾನೂ ದಿನಾ ಸ್ಕ್ಯಾನ್ ಮಾಡುವವನೇ, ಒಳ್ಳೆಯ ವ್ಯವಸ್ಥೆ ಅದು. ಆದರೆ 2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದಾಗ, ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದು ಅಂಟಿಸಿದರು. ಆಗ ಎಲ್ಲರೂ ಚಿಲ್ಲರೆಗೆ ಪರದಾಡಿದವರೇ. ಹತ್ತರ ನೋಟು ಸಿಕ್ಕರೂ ಟೇಪ್ ಹಚ್ಚಿದ್ದೇ ಸಿಗುತ್ತೆ. ಸವೆಯದ ನಾಣ್ಯವನ್ನು ಬೇಡ ಅಂದು, ಹರಿದ ನೋಟು ಹುಡುಕುತ್ತೀವಿ!

ಅಂಗಡಿ ನಡೆಸುವವರಿಗೆ ಒಂದು ಮಾತು. ನೀವು ತಗೊಂಡ ನಾಣ್ಯ ನಿಮ್ಮಲ್ಲೇ ಉಳಿಯಬೇಕಾಗಿಲ್ಲ. ಬ್ಯಾಂಕಿನವರು ತಗೊಳ್ಳಲೇಬೇಕು, 2018ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಶಾಖೆಗಳಿಗೂ ಮತ್ತೊಮ್ಮೆ ಹೇಳಿದೆ. ಕೌಂಟರಿನಲ್ಲಿ ಗೊಣಗಿದರೆ ಮ್ಯಾನೇಜರ್ ಹತ್ತಿರ ಹೋಗಿ. ಗಿರಾಕಿಗಳಾದ ನಾವೂ ಅಷ್ಟೇ, ಚಿಲ್ಲರೆಯಲ್ಲಿ ನಾಣ್ಯ ಬಂದರೆ ಮುಖ ಸಿಂಡರಿಸದೆ ಜೇಬಿಗೆ ಹಾಕಿಕೊಳ್ಳಬೇಕು. ಆ ಅಮ್ಮನ ಗಂಟಿನಲ್ಲಿದ್ದದ್ದನ್ನು ನೋಟು ಕೊಟ್ಟು ನಾನು ತಗೊಂಡೆ. ಈಗ ಅಂಗಡಿಗಳಲ್ಲಿ ಅದನ್ನೇ ಕೊಡುತ್ತಿದ್ದೇನೆ, ಬೇಡ ಅಂದವರಿಗೆ ರಿಸರ್ವ್ ಬ್ಯಾಂಕಿನ ಆ 2018ರ ಜನವರಿಯ ಪ್ರಕಟಣೆಯನ್ನು ಫೋನಿನಲ್ಲಿ ತೆಗೆದು ತೋರಿಸುತ್ತೇನೆ.